ಗ್ಲೋಬಿಗೂ ಒಂದು ಪಾಲು

“ಬಾಯಿ ತೆಗಿಯೋ ಚನ್ನ್ಯಾ. ಶೇಂಗಾ ಉಂಡಿ ಇದು. ನಿನಗ ಸೇರತೈತಲ್ಲ?”

ಚನ್ನೇಶ ತುಟಿಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿ ಹಿಡಿದು, ತಲೆಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದ.

ಅವ್ವ ಉಂಡಿಯನ್ನು ತಟ್ಟೆಗೆ ಹಾಕಿ ಅವನ ಹಣೆ ಮುಟ್ಟಿ ನೋಡಿದಳು. ಬಿಸಿಯಿರಲಿಲ್ಲ. ಕುತ್ತಿಗೆ ಮುಟ್ಟಿದಳು. ಅಲ್ಲಿಯೂ ಇಲ್ಲ. ಪಂಚಮಿಯ ದಿನ, ಮುಂದೆ ಐದು ನಮೂನೆಯ ಉಂಡಿ ಇಟ್ಟುಕೊಂಡು ಚನ್ನೇಶ ಬಾಯಿ ತೆರೆಯಲಿಲ್ಲ ಎಂದರೆ ಏನೋ ಆಗಿರಲೇಬೇಕು.

“ದೃಷ್ಟಿ ಆಗೇತಿ ಕೂಸಿಗೆ,” ಎಂದಳು ಅಜ್ಜಿ ವೀರವ್ವ. “ನಿನ್ನೆ ಆ ಚೌಡವ್ವ ಬಂದು ‘ಎಷ್ಟ ಚಂದ ತಿಂತಾನ’ ಅಂದು ಹ್ವಾದ್ಲು. ಆಕಿ ಕಣ್ಣ ಸರಿ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಅರ್ಧ ಹೆಣೆದ ಜಡೆ ಹಿಡಿದು ನಿಂತಿದ್ದ ನೀಲಾಂಬಿಕಾ ಇದನ್ನೆಲ್ಲ ನೋಡುತ್ತಿದ್ದಳು. ದೃಷ್ಟಿಯೂ ಅಲ್ಲ, ಜ್ವರವೂ ಅಲ್ಲ ಎಂದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ತಮ್ಮನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಯಾಕೋ ತಿನ್ನವಲ್ಲಿ?”

“ಮ್ಮ್. ಮ್ಮ್.”

“ಬಾಯಿ ತೆಗದು ಹೇಳು. ಇಲ್ಲಿ ಯಾರೂ ಇಲ್ಲ.”

ಚನ್ನೇಶ ಸುತ್ತಲೂ ನೋಡಿದ. ಬಾಯಿಯ ಒಂದು ಮೂಲೆಯನ್ನು ಮಾತ್ರ ತೆರೆದು, “ಎಮ್ಮಿ ಐತಿ,” ಎಂದ.

“ಎಮ್ಮಿ ಯಾರಿಗೂ ಹೇಳೂದಿಲ್ಲ.”

ಎಮ್ಮೆಯ ಮುಖವನ್ನು ಸ್ವಲ್ಪ ಹೊತ್ತು ಪರೀಕ್ಷಿಸಿದ ಮೇಲೆ ಅವನಿಗೆ ನಂಬಿಕೆ ಬಂತು. “ಅಕ್ಕಾ, ಗುಟ್ಟು ಇವತ್ತ ಬಾಯಾಗ ಬಂದೈತಿ. ಬಾಯಿ ತೆಗದ್ರ ಹೊರಗ ಬಂದುಬಿಡತೈತಿ.”

“ಗುಟ್ಟು ಬಾಯಾಗ ಇರೂದಿಲ್ಲೋ. ಹೊಟ್ಟ್ಯಾಗ ಇರತೈತಿ.”

“ಖರೇನ?”

“ಖರೇ.”

“ಹಂಗಾರ ಉಂಡಿ ತಿಂದ್ರ ಅದರ ಮ್ಯಾಲ ಬೀಳತೈತಿ?”

“ಹೂಂ. ಗುಟ್ಟು ಉಂಡಿ ಕೆಳಗ ಮುಚ್ಚಿ ಹೋಗತೈತಿ.”

ಚನ್ನೇಶ ಒಳಗೆ ಓಡಿದ. ಒಂದು ಶೇಂಗಾ ಉಂಡಿ ತಿಂದ, ಒಂದು ಎಳ್ಳಿನ ಉಂಡಿ ತಿಂದ, ಒಂದು ಅರಳಿನ ಉಂಡಿ ತಿಂದ. ಆಮೇಲೆ ಅಂಗಿ ಎತ್ತಿ ಹೊಟ್ಟೆ ನೋಡಿಕೊಂಡ.

“ಅವ್ವಾ, ಇನ್ನೊಂದ ಕೊಡು. ಇನ್ನೂ ಮುಚ್ಚಿಲ್ಲ.”

“ಏನೋ ಮುಚ್ಚಿಲ್ಲ?”

ಚನ್ನೇಶ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು, ಕಣ್ಣುಗಳನ್ನು ಅಗಲ ಮಾಡಿ ಅಕ್ಕನನ್ನೇ ನೋಡಿದ.

“ಹೊಟ್ಟಿ, ಅವ್ವಾ,” ಎಂದಳು ನೀಲಾ ಗಡಿಬಿಡಿಯಿಂದ. “ಹೊಟ್ಟಿ ತುಂಬಿಲ್ಲ ಅಂತಾನ.”

ಅವ್ವ ನಕ್ಕಳು. ನೀಲಾ ನಗಲಿಲ್ಲ.

ನಾಲ್ಕೂವರೆ ವರ್ಷದ ಚನ್ನೇಶನ ಹೊಟ್ಟೆಯಲ್ಲಿ ಈವರೆಗೆ ಯಾವ ಮಾತೂ ನಿಂತದ್ದಿಲ್ಲ. ತಿಂಗಳ ಹಿಂದೆ ಹಿರೇಕೆರೂರಿನಿಂದ ಅತ್ತಿ ಬಂದಿದ್ದಾಗ, ಅವಳ ತೊಡೆಯ ಮೇಲೆಯೇ ಕುಳಿತು, “ಅತ್ತಿ, ನೀವು ಯಾವಾಗ ಹೋಗ್ತೀರಿ? ನೀವು ಹ್ವಾದಮ್ಯಾಲ ಚಕ್ಕುಲಿ ಡಬ್ಬಿ ತೆಗೀತೇನಿ ಅಂದಾಳ ನಮ್ಮವ್ವ,” ಎಂದಿದ್ದ. ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ, “ನಮ್ಮಜ್ಜಿ ಹಲ್ಲು ತೆಗದು ಡಬ್ಬ್ಯಾಗ ಇಡ್ತಾಳ. ಬೇಕಾದ್ರ ತೋರಸ್ತಾಳ,” ಎಂದಿದ್ದ. ಅಂದು ಅಜ್ಜಿ ಇಳಿಯುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕುಳಿತಿದ್ದಳು.

ಅಂಥವನ ಹತ್ತಿರ ಈಗ ನೀಲಾಳ ಗುಟ್ಟು ಇತ್ತು.

ಅದು ಆದದ್ದು ಗುರುವಾರ. ಶಾಲೆಯ ಗಂಟೆ ಹೊಡೆದಿತ್ತು. ಐದನೆಯ ಕ್ಲಾಸಿನ ಲೀಡರ್ ಶ್ವೇತಾ, ಬೀಗ ಹಾಕುವ ಮೊದಲು ಚಾಕ್‌ಪೀಸ್ ಡಬ್ಬಿ ಕೊಟ್ಟು ಬರಲು ಆಫೀಸಿಗೆ ಹೋಗಿದ್ದಳು. ಅದೇ ಕಂಪೌಂಡಿನಲ್ಲಿದ್ದ ಅಂಗನವಾಡಿಯಿಂದ ಚನ್ನೇಶ ದಿನದಂತೆ ಅಕ್ಕನನ್ನು ಹುಡುಕಿಕೊಂಡು ಬಂದ. ಕಪಾಟಿನ ಮೇಲಿದ್ದ ಗ್ಲೋಬ್ ಅವನ ಕಣ್ಣಿಗೆ ಬಿತ್ತು.

“ಅಕ್ಕಾ, ಆ ಚಂಡು ಯಾರದು?”

“ಚಂಡಲ್ಲೋ, ಅದು ಭೂಮಿ.”

“ಅದರಾಗ ನಮ್ಮ ಮನಿ ಎಲ್ಲೈತಿ?”

ಕೇಳದೆ ಅದನ್ನು ಯಾರೂ ಮುಟ್ಟಬಾರದು ಎಂದು ಟೀಚರ್ ಹೇಳಿದ್ದರು. ಆದರೂ ನೀಲಾ ಬೆಂಚು ಹತ್ತಿ ಅದನ್ನು ಇಳಿಸಿಕೊಂಡಳು. ತಮ್ಮನಿಗೆ ಏನಾದರೂ ಕಲಿಸುವುದೆಂದರೆ ಅವಳಿಗೆ ಬಹಳ ಇಷ್ಟ. ಇಂಡಿಯಾ ತೋರಿಸಿದಳು. ಕರ್ನಾಟಕ ತನ್ನ ಉಗುರಿನಷ್ಟೇ ಇದೆ ಎಂದು ಉಗುರು ಇಟ್ಟು ತೋರಿಸಿದಳು.

“ಮತ್ತ ಎಮ್ಮಿ ಎಲ್ಲಿ ನಿಂದ್ರತೈತಿ?” ಎಂದ ಚನ್ನೇಶ.

ನೀಲಾಗೆ ನಗು ಬಂತು. ನಗುವಾಗ ಕೈ ಸಡಿಲವಾಯಿತು. ಭೂಮಿ ನೆಲಕ್ಕೆ ಬಿತ್ತು.

ಎತ್ತಿ ನೋಡಿದರೆ ನೀಲಿ ಸಮುದ್ರದ ನಡುವೆ ಉದ್ದನೆಯ ಬಿರುಕು. ಕೆಳಗಿನ ಸ್ಟ್ಯಾಂಡ್ ಕಿತ್ತು ಬಂದಿತ್ತು. ಅವಳು ಅದನ್ನು ಹೇಗೋ ಸಿಕ್ಕಿಸಿ, ಬಿರುಕು ಗೋಡೆಯ ಕಡೆಗೆ ತಿರುಗಿಸಿ, ಮೊದಲಿದ್ದಲ್ಲೇ ಇಟ್ಟಳು. ಬಾಗಿಲು ದಾಟುವಾಗ ಶ್ವೇತಾ ಎದುರಿಗೆ ಬಂದು, “ಟಾಟಾ ನೀಲಾ,” ಎಂದಳು. ನೀಲಾಳೂ ಟಾಟಾ ಮಾಡಿದಳು.

ದಾರಿಯಲ್ಲಿ ತಮ್ಮನ ಭುಜ ಹಿಡಿದು ನಿಲ್ಲಿಸಿ ಹೇಳಿದಳು, “ಇದನ್ನ ಯಾರಿಗಾರ ಹೇಳಿದ್ಯೋ, ನಾ ನಿನ್ನ ಕೂಡ ಮಾತು ಬಿಡ್ತೇನಿ. ಯಾವಾಗಲೂ ಮಾತಾಡೂದಿಲ್ಲ.”

ಶುಕ್ರವಾರ ಹರಿಪ್ರಿಯಾ ಟೀಚರ್ ಗ್ಲೋಬ್ ಎತ್ತಿದಾಗ ಅದು ಎರಡು ತುಂಡಾಗಿ ಅವರ ಕೈಗೆ ಬಂತು. ಬೀಗ ಹಾಕಿದವಳು ಶ್ವೇತಾ. ಬೀಗ ತೆಗೆದವಳೂ ಶ್ವೇತಾ. “ನಾ ಅಲ್ರಿ ಟೀಚರ್,” ಎಂದು ಅವಳು ಎಷ್ಟು ಸಲ ಹೇಳಿದಳೋ ಟೀಚರಿಗೆ ಅಷ್ಟಷ್ಟು ಸಿಟ್ಟು ಏರಿತು. ಒಡೆದದ್ದಕ್ಕಿಂತ ಸುಳ್ಳು ಹೇಳಿದ್ದಕ್ಕೆ ತನಗೆ ಬೇಸರ ಎಂದರು. ಅವಳ ಲೀಡರ್ ಬ್ಯಾಡ್ಜ್ ತೆಗೆದುಕೊಂಡರು. ಶನಿವಾರ ಅವಳ ಅಪ್ಪ ಪರಮೇಶಪ್ಪ ಶಾಲೆಗೆ ಬಂದು, ಕೈ ಕಟ್ಟಿ ನಿಂತು, ಮಾತು ಕೇಳಿಸಿಕೊಂಡು ಹೋದ. ಶ್ವೇತಾ ಎರಡು ದಿನವೂ ಬಾಗಿಲ ಹೊರಗೆ ನಿಂತಿದ್ದಳು.

ಮೂರನೆಯ ಬೆಂಚಿನಲ್ಲಿ ಕುಳಿತ ನೀಲಾ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಅಂದಿನ ತಾರೀಖನ್ನು ನಾಲ್ಕು ಸಲ ಬರೆದಿದ್ದಳು.

ಇವತ್ತು ಸೋಮವಾರ, ಪಂಚಮಿಯ ರಜೆ. ಊರೆಲ್ಲ ನಾಗಪ್ಪನ ಕಟ್ಟೆಗೆ ಹಾಲು ಹಾಕಲು ಬರುತ್ತದೆ. ಟೀಚರ್ ಬರುತ್ತಾರೆ, ಶ್ವೇತಾ ಬರುತ್ತಾಳೆ. ಅವರೆಲ್ಲರ ನಡುವೆ ಚನ್ನೇಶ ಬಾಯಿ ತೆರೆಯಲೇಬೇಕು. ಏಕೆಂದರೆ ಬಾಯಿ ಮುಚ್ಚಿಕೊಂಡು ಹಾಲು ಹಾಕಲು ಬರುವುದಿಲ್ಲ.

ಅದರ ಕ್ರಮ ಹೀಗೆ. ಒಣಕೊಬ್ಬರಿಯ ಅರ್ಧ ಬಟ್ಟಲಿನಲ್ಲಿ ಬೆಲ್ಲ ಕದಡಿದ ಹಾಲು ಇರುತ್ತದೆ. ಅದರಲ್ಲಿ ಗರಿಕೆ ಅದ್ದಿ ಅದ್ದಿ ಕಲ್ಲಿನ ನಾಗಪ್ಪನ ಮೇಲೆ ಹನಿ ಬಿಡಬೇಕು. ಪ್ರತಿ ಹನಿಗೂ ಒಬ್ಬೊಬ್ಬರ ಹೆಸರು ಹೇಳಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು. “ಯಾರನ್ನೂ ಬಿಡಬಾರದವಾ. ಬಿಟ್ರ ಅವರ ಪಾಲು ತಪ್ಪತೈತಿ,” ಎಂದು ಅಜ್ಜಿ ಇಬ್ಬರಿಗೂ ಹೇಳಿಕೊಟ್ಟಿದ್ದಳು.

ಚನ್ನೇಶ ಇದೇ ಮೊದಲ ಸಲ ತಾನೇ ಹಾಲು ಹಾಕುವವನಿದ್ದ. ದಾರಿಯುದ್ದಕ್ಕೂ ನೀಲಾ ಅವನಿಗೆ ಪಾಠ ಹೇಳಿಕೊಟ್ಟಳು.

“ಬರೇ ಏಳ ಪಾಲು. ನೆನಪೈತಿಲ್ಲ? ದೇವರದು, ಗುರುವಿಂದು, ಅಜ್ಜಿದು, ಅಪ್ಪಂದು, ಅವ್ವಂದು, ನಂದು, ನಿಂದು. ಮುಗೀತು, ಎದ್ದು ಬರೂದು.”

“ಏಳ,” ಎಂದ ಚನ್ನೇಶ, ಬಟ್ಟಲಿನ ಹಾಲು ತುಳುಕದಂತೆ ನಾಲಿಗೆ ಹೊರಚಾಚಿ ನಡೆಯುತ್ತ.

“ಬ್ಯಾರೆ ಏನೂ ಮಾತಾಡಬಾರದು.”

“ಬ್ಯಾರೆ ಏನೂ ಇಲ್ಲ.”

ಕಟ್ಟೆಯ ಸುತ್ತ ಹೊಸ ಸೀರೆಗಳು, ಹೂವಿನ ವಾಸನೆ, ಗದ್ದಲ. ಬೇವಿನ ಮರದ ಕೊಂಬೆಗೆ ಜೋಕಾಲಿ ಕಟ್ಟಿದ್ದರು. ಪಾಳಿಯಲ್ಲಿ ಮುಂದೆ ಅಜ್ಜಿ ಮತ್ತು ಅವ್ವ, ಅವರ ಹಿಂದೆ ಚನ್ನೇಶ ಮತ್ತು ನೀಲಾ ನಿಂತರು. ನೀಲಾಳ ಬೆನ್ನಿಗೆ ಚೌಡವ್ವ. ಅವಳ ಹಿಂದೆ ಹರಿಪ್ರಿಯಾ ಟೀಚರ್. ಟೀಚರ್ ಹಿಂದೆ, ಸ್ವಲ್ಪ ದೂರ ಬಿಟ್ಟು, ಕೊಬ್ಬರಿ ಬಟ್ಟಲು ಹಿಡಿದು ತಲೆ ತಗ್ಗಿಸಿ ನಿಂತ ಶ್ವೇತಾ. ನೀಲಾ ಒಂದೇ ಸಲ ತಿರುಗಿ ನೋಡಿದಳು. ಮತ್ತೆ ನೋಡಲಿಲ್ಲ.

ಅಜ್ಜಿ ಹಾಲು ಹಾಕಿದಳು. ಅವ್ವ ಹಾಕಿದಳು. ಚನ್ನೇಶ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.

“ದೇವರ ಪಾಲು. ಗುರುವಿನ ಪಾಲು. ಅಜ್ಜಿ ಪಾಲು. ಅಪ್ಪನ ಪಾಲು. ಅವ್ವನ ಪಾಲು. ಅಕ್ಕನ ಪಾಲು. ನನ್ನ ಪಾಲು.”

“ಶಾಣ್ಯಾ ನನ ಮಗ! ಏಳಿನ್ನ,” ಎಂದಳು ಅಜ್ಜಿ.

ಚನ್ನೇಶ ಏಳಲಿಲ್ಲ. ಬಟ್ಟಲಿನೊಳಗೆ ನೋಡಿದ. ಹಾಲು ಇನ್ನೂ ಇತ್ತು. ಹಾಲು ಇರುವಾಗ ಜನರನ್ನು ಬಿಡುವುದು ಹೇಗೆ?

“ಎಮ್ಮಿ ಪಾಲು,” ಎಂದ. “ಎಮ್ಮಿ ಕರುವಿನ ಪಾಲು.”

“ಅಯ್ಯ, ಹಾಲೂ ಅದರದ್ದ, ಪಾಲೂ ಅದಕ್ಕ!” ಎಂದಳು ಚೌಡವ್ವ. ಹೆಂಗಸರು ನಕ್ಕರು.

“ಗೌಸಬಿ ಆಯಾನ ಪಾಲು. ಆಕಿ ಅಂಗನವಾಡ್ಯಾಗ ನನಗ ಎರಡ ಸಲ ಉಪ್ಪಿಟ್ಟ ಹಾಕ್ತಾಳ. ಗುದ್ಲೆಪ್ಪ ಕಂಡಕ್ಟರ್ ಮಾಮಾನ ಪಾಲು. ಅವನ ಸೀಟಿ ಪಾಲು. ನಾಗಪ್ಪಾ, ನಿಮ್ಮವ್ವನ ಪಾಲು.”

“ಚನ್ನ್ಯಾ, ಸಾಕು, ಏಳೋ,” ಎಂದು ನೀಲಾ ಪಿಸುಗುಟ್ಟಿದಳು.

“ತಡಿ, ಒಬ್ರು ಉಳದಾರ,” ಎಂದ ಚನ್ನೇಶ. ಗರಿಕೆಯನ್ನು ಹಾಲಿನಲ್ಲಿ ಚೆನ್ನಾಗಿ ಅದ್ದಿದ. “ಗ್ಲೋಬಿನ ಪಾಲು.”

ಜೋಕಾಲಿಯ ಕಿರುಗುಡುವ ಸದ್ದು ಇದ್ದಕ್ಕಿದ್ದಂತೆ ಬಹಳ ಜೋರಾಗಿ ಕೇಳಿದಂತಾಯಿತು ನೀಲಾಗೆ.

“ಗ್ಲೋಬಿಗ್ಯಾಕೋ ಪಾಲು?” ಎಂದು ಹರಿಪ್ರಿಯಾ ಟೀಚರ್ ನಗುತ್ತ ಮುಂದೆ ಬಂದು ಬಾಗಿದರು.

“ಪಾಪ, ಅದಕ್ಕ ಪೆಟ್ಟಾಗೇತಲ್ರಿ. ಟೊಂಕ ಮುರದೈತಿ.”

“ಹೌದೇನು? ನೀ ಎಲ್ಲಿ ನೋಡ್ದಿ ಅದನ್ನ?”

ಚನ್ನೇಶ ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಒಂದು ಕ್ಷಣ ನಿಂತಿತು. ಆಮೇಲೆ ಅವನು ಗರಿಕೆಯನ್ನು ಬಿಟ್ಟು, ಹಾಲು ಹತ್ತಿದ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಕೆನ್ನೆಗಳು ಊದಿಕೊಂಡವು.

“ಅವನಿಗೇನ ಕೇಳ್ತೀರಿ ಟೀಚರ್,” ಎಂದಳು ಚೌಡವ್ವ. “ಒಡದಾಕಿ ಇಲ್ಲೇ ಹಿಂದ ನಿಂತಾಳಲ್ಲ, ಆಕೀನ್ನ ಕೇಳ್ರಿ.” ಗದ್ದ ಎತ್ತಿ ಶ್ವೇತಾಳನ್ನು ತೋರಿಸಿದಳು.

ಎಲ್ಲರೂ ತಿರುಗಿ ನೋಡಿದರು. ಶ್ವೇತಾ “ನಾ ಅಲ್ಲ” ಎಂದು ಹೇಳಲಿಲ್ಲ. ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಬಟ್ಟಲಿನ ಹಾಲನ್ನೇ ನೋಡುತ್ತ ನಿಂತಳು.

ಚನ್ನೇಶ ಬಾಯಿಯ ಮೇಲಿನ ಕೈ ತೆಗೆದ.

ಮುಗಿಯಿತು, ಎಂದುಕೊಂಡಳು ನೀಲಾ. ಕಣ್ಣು ಮುಚ್ಚಿದಳು.

“ಶ್ವೇತಕ್ಕನ ಪಾಲು,” ಎಂದು ಕೇಳಿಸಿತು.

ಅವಳು ಕಣ್ಣು ತೆರೆದಳು. ಚನ್ನೇಶ ಬೆರಳನ್ನೇ ಹಾಲಿನಲ್ಲಿ ಅದ್ದಿ ಹನಿ ಬಿಡುತ್ತಿದ್ದ. “ಶ್ವೇತಕ್ಕಂದ ಇನ್ನೊಂದ ಪಾಲು.” ಮತ್ತೊಂದು ಹನಿ. “ಇನ್ನೊಂದ.” ಅಷ್ಟಕ್ಕೂ ಅವನಿಗೆ ಸಮಾಧಾನವಾಗಲಿಲ್ಲ. ಬಟ್ಟಲನ್ನು ಎರಡೂ ಕೈಯಿಂದ ಎತ್ತಿ, ಉಳಿದ ಹಾಲನ್ನೆಲ್ಲ ನಾಗಪ್ಪನ ತಲೆಯ ಮೇಲೆ ಸುರಿದುಬಿಟ್ಟ.

“ಇದು ಪೂರಾ ಶ್ವೇತಕ್ಕಂದು.”

ಮತ್ತೆ ಬಾಯಿ ಮುಚ್ಚಿಕೊಂಡು ಅಕ್ಕನ ಕಡೆ ನೋಡಿದ. ಕಣ್ಣುಗಳು ತುಂಬಿದ್ದವು. ಆದರೆ ಒಂದು ಮಾತೂ ಹೊರಗೆ ಬರಲಿಲ್ಲ.

ಅವನು ಹೇಳಲಿಲ್ಲ.

ಚಕ್ಕುಲಿ ಡಬ್ಬಿಯ ಮಾತನ್ನೂ ಅಜ್ಜಿಯ ಹಲ್ಲಿನ ಮಾತನ್ನೂ ಒಂದು ನಿಮಿಷ ಇಟ್ಟುಕೊಳ್ಳಲಾಗದ ಚನ್ನೇಶ, ಇದನ್ನು ನಾಲ್ಕು ದಿನ ಇಟ್ಟುಕೊಂಡಿದ್ದ. ಉಂಡಿ ಬಿಟ್ಟು ಇಟ್ಟುಕೊಂಡಿದ್ದ. ಮಲಗುವಾಗಲೂ ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದ. ಅದನ್ನು ನೋಡಿ ನೀಲಾ, ಸದ್ಯ, ಎಂದುಕೊಂಡಿದ್ದಳು. ಅಕ್ಕನಿಗೆ ಕೊಟ್ಟ ಮಾತನ್ನೂ ಬಿಡದೆ ಶ್ವೇತಾಳನ್ನೂ ಬಿಡದೆ ಏನು ಮಾಡಬಹುದೋ ಅದನ್ನು ಅವನು ಈಗ ಮಾಡಿದ್ದ. ಅವನ ಹತ್ತಿರ ಇದ್ದದ್ದು ಅಷ್ಟು ಹಾಲು ಮಾತ್ರ.

“ಟೀಚರ್,” ಎಂದಳು ನೀಲಾ. ಜೋಕಾಲಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಹೇಳಿದಳು. “ಟೀಚರ್, ಗ್ಲೋಬ್ ಶ್ವೇತಾ ಒಡದಿಲ್ರಿ. ನಾ ಒಡದೇನ್ರಿ.”

ಅವ್ವ ತಿರುಗಿ ನೋಡಿದಳು.

“ಗುರುವಾರ ಸಾಲಿ ಬಿಟ್ಟಮ್ಯಾಲ. ಇವನಿಗೆ ತೋರಸಾಕ ಇಳಿಸಿದ್ದೆ. ಕೈಯಿಂದ ಜಾರಿತ್ರಿ. ನಾ... ನಾ ಹಂಗ ಇಟ್ಟು ಬಂದೆ.”

ಹರಿಪ್ರಿಯಾ ಟೀಚರ್ ಅವಳ ಕಡೆ ತಿರುಗಿದರು. “ಎರಡ ದಿನ ಆಕಿ ಹೊರಗ ನಿಂತಾಗ ನೀ ಒಳಗ ಕುಂತಿದ್ದಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಸಿಟ್ಟಿಗಿಂತ ಕಷ್ಟವಾಗಿತ್ತು. “ನಾಳೆ ಸಾಲ್ಯಾಗ ನನ್ನ ಕಡೆ ಬಾ. ಮಾತಾಡೂದೈತಿ.”

ಆಮೇಲೆ ಅವರು ಪಾಳಿ ಬಿಟ್ಟು ಹಿಂದೆ ಹೋದರು. ಶ್ವೇತಾಳ ಮುಂದೆ ನಿಂತು ಮೆಲ್ಲಗೆ, “ನೀ ಅಲ್ಲ ಅಂತ ಅಷ್ಟ ಸಲ ಹೇಳಿದ್ಯವಾ. ನಾ ಕೇಳಲೇ ಇಲ್ಲ. ನಂದ ತಪ್ಪಾತು,” ಎಂದರು. ಟೀಚರ್ ಹಾಗೆ ಹೇಳುವುದನ್ನು ನೀಲಾ ಯಾವತ್ತೂ ಕೇಳಿರಲಿಲ್ಲ. ಚೌಡವ್ವ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದಳು.

ನೀಲಾಳೂ ಶ್ವೇತಾಳ ಹತ್ತಿರ ಹೋದಳು. ಏನೇನೋ ಹೇಳಬೇಕೆಂದಿದ್ದಳು. ಶ್ವೇತಾ ಅವಳ ಮುಖ ನೋಡಿ, “ನಮ್ಮಪ್ಪ ಎರಡ ದಿನದಿಂದ ನನ್ನ ಮಾತಾಡ್ಸಿಲ್ಲ, ಗೊತ್ತೇನು?” ಎಂದಳು. ಸರಿದು ಮುಂದೆ ಹೋಗಿ, ತನ್ನ ಪಾಳಿ ಬಂದಾಗ ಕಲ್ಲಿನ ಮುಂದೆ ಕುಳಿತಳು.

ಅವ್ವ ನೀಲಾಳನ್ನು ಬೈಯಲಿಲ್ಲ. “ಮನೀಗೆ ನಡಿ. ಅಲ್ಲೈತಿ ನಿನಗ,” ಎಂದಳು. ಅಜ್ಜಿ ಮಾತ್ರ ಚನ್ನೇಶನ ಮೂಗು ಒರೆಸಿ, “ಏಳ ಪಾಲಿನಾಗ ಮುಗಿಸಿದ್ರ ಆಗ್ತಿತ್ತು,” ಎಂದು ತನಗೇ ಎಂಬಂತೆ ಗೊಣಗಿದಳು. ಅವ್ವ, ಅಜ್ಜಿ ಇಬ್ಬರೂ ಹಿಂದೆ ಉಳಿದವರ ಜೊತೆ ಮಾತಿಗೆ ನಿಂತರು. ನೀಲಾ ಮತ್ತು ಚನ್ನೇಶ ಮುಂದೆ ಹೊರಟರು.

ಸ್ವಲ್ಪ ದೂರ ನಡೆದ ಮೇಲೆ ಚನ್ನೇಶ ಅಕ್ಕನ ಫ್ರಾಕ್ ಜಗ್ಗಿದ.

“ಅಕ್ಕಾ, ಈಗ ಹೇಳಬಹುದ?”

“ಹೂಂ. ಹೇಳು.”

“ಯಾರಿಗೆ ಬೇಕಾದ್ರೂ?”

“ಯಾರಿಗೆ ಬೇಕಾದ್ರೂ.”

ಚನ್ನೇಶ ಊರಿಗೆಲ್ಲ ಕೇಳುವಂಥ ಉಸಿರು ಬಿಟ್ಟ. ಮೊದಲ ಮನೆಯ ಕಟ್ಟೆಯ ಮೇಲೆ ಗೌಸಬಿ ಆಯಾ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅವನು ಓಡಿ ಹೋಗಿ ಅವಳ ಮುಂದೆ ನಿಂತ.

“ಗೌಸಬಿ ಆಯಾ! ಗ್ಲೋಬ್ ಒಡದಾಕಿ ನಮ್ಮಕ್ಕ! ತಾನ ಹೇಳಿದ್ಲು!”

“ಹಾಯ್ ಅಲ್ಲಾ, ಹೌದೇನೋ ರಾಜಾ?” ಎಂದಳು ಗೌಸಬಿ, ಗ್ಲೋಬ್ ಎಂದರೆ ಯಾವುದು ಎಂದು ತಿಳಿಯದೆ.

ನೀಲಾಳ ಕಿವಿ ಬಿಸಿಯಾಯಿತು. ಚನ್ನೇಶ ಮುಂದೆ ಓಡಿದ. ಸೈಕಲ್ ತೊಳೆಯುತ್ತಿದ್ದ ಮೆಹಬೂಬನಿಗೆ ಹೇಳಿದ. “ಗ್ಲೋಬ್ ಒಡದಾಕಿ ನಮ್ಮಕ್ಕ! ತಾನ ಹೇಳಿದ್ಲು!” ಬೀದಿಯಲ್ಲಿ ಮಲಗಿದ್ದ ಕರಿ ನಾಯಿಗೆ ಹೇಳಿದ. ಅದು ಒಂದು ಕಿವಿ ಎತ್ತಿ ಕೇಳಿಸಿಕೊಂಡಿತು. ಖಾಲಿ ನಿಂತಿದ್ದ ಟ್ರ್ಯಾಕ್ಟರಿಗೂ ಹೇಳಿದ.

ಅವನ ಬಾಯಿಗೆ ಕೈ ಅಡ್ಡ ಹಿಡಿಯಬೇಕೆಂದು ನೀಲಾಗೆ ಎರಡು ಸಲ ಅನಿಸಿತು. ಮೂರನೆಯ ಸಲ ಅವಳು ಸರಿಯಾಗಿ ಕೇಳಿಸಿಕೊಂಡಳು. ಮೊದಲ ಮಾತನ್ನು ಚನ್ನೇಶ ಬಡಬಡ ಹೇಳಿ ಮುಗಿಸುತ್ತಿದ್ದ. ಎರಡನೆಯ ಮಾತಿಗೆ ಬಂದಾಗ ಎದೆ ಮುಂದೆ ಮಾಡಿ, ಕೈ ಎತ್ತಿ ಅವಳನ್ನು ತೋರಿಸಿ, ನಿಧಾನವಾಗಿ ಹೇಳುತ್ತಿದ್ದ. ತಾನ. ಹೇಳಿದ್ಲು. ಕ್ಲಾಸಿನಲ್ಲಿ ಅವಳು ಫಸ್ಟ್ ಬಂದಾಗ ಅಪ್ಪ ಊರವರಿಗೆ ಹೇಳುತ್ತಿದ್ದುದೂ ಹೀಗೆಯೇ.

ಅವಳು ಅವನನ್ನು ತಡೆಯಲಿಲ್ಲ. ಅವನು ಹೇಳಿ ಬರುವವರೆಗೆ ಒಂದೊಂದು ಕಡೆಯೂ ನಿಂತು ಕಾದಳು.

ಬೀದಿ ತಿರುಗಿದರೆ ಶ್ವೇತಾಳ ಮನೆ. ಅವಳ ಅಪ್ಪ ಪರಮೇಶಪ್ಪ ಕಟ್ಟೆಯ ಮೇಲೆ ಒಬ್ಬನೇ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಚನ್ನೇಶ ಓಡಿ ಹೋಗಿ ಮೆಟ್ಟಿಲ ಹತ್ತಿರ ನಿಂತ. ಬಾಯಿ ತೆರೆದ. ಯಾಕೋ ಮುಚ್ಚಿದ. ಅಕ್ಕನ ಕಡೆ ತಿರುಗಿದ.

“ಇಲ್ಲಿ ನೀ ಹೇಳ್ತಿಯೋ, ನಾ ಹೇಳ್ಲೋ?”

ಪರಮೇಶಪ್ಪ ತಲೆ ಎತ್ತಿ, “ಏನ್ರವಾ, ಹಾಲು ಹಾಕಿ ಬಂದ್ರೇನು?” ಎಂದ. ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ.

“ನಾ ಹೇಳ್ತೇನಿ,” ಎಂದಳು ನೀಲಾ.

ಚನ್ನೇಶ ಯೋಚಿಸಿದ. “ಹಂಗಾರ ಕಡೀ ಮಾತು ನಂದು.”

“ಆತು. ಕಡೀ ಮಾತು ನಿಂದು.”

ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿದರು.